ಕಂಬದ ಮೇಲಿನ ದೀಪ ಎಷ್ಟು ದಿನ ಬಾಳೀತು?

ಮನೆಗೆ ಒಂದು ಬಲ್ಬು ಕೊಳ್ಳಲು ಹೋದರೆ ನಾವು ಅಂಗಡಿಯವರನ್ನು ಸುಮ್ಮನೆ ಬಿಡುವುದಿಲ್ಲ. ಎಷ್ಟು ವ್ಯಾಟ್, ಯಾವ ಕಂಪನಿ, ಎಷ್ಟು ವರ್ಷ ಗ್ಯಾರಂಟಿ ಎಂದು ಕೇಳುತ್ತೇವೆ. ಹೋಲ್ಡರಿಗೆ ಹಾಕಿ ಉರಿಸಿ ತೋರಿಸಿ ಎನ್ನುತ್ತೇವೆ. ಡಬ್ಬಿಯ ಮೇಲೆ ತಾರೀಖು ಬರೆಸಿಕೊಂಡು ಬಂದು, ಆ ಖಾಲಿ ಡಬ್ಬಿಯನ್ನು ವರ್ಷಗಟ್ಟಲೆ ಅಲಮಾರಿನ ಮೇಲೆ ಜೋಪಾನ ಮಾಡುತ್ತೇವೆ. ಮನೆಯ ಮುಂದಿನ ಕಂಬಕ್ಕೆ ದೀಪ ಬಂದಾಗ ಮಾತ್ರ ಯಾರೂ ಏನೂ ಕೇಳುವುದಿಲ್ಲ. ಹಾಕುವವರು ಬಂದರು, ಹಾಕಿದರು, ಹೋದರು. ಉರಿದರೆ ಸಂತೋಷ. ಆರಿಹೋದರೆ, "ಪಂಚಾಯಿತಿಯವರು ನೋಡಿಕೊಳ್ಳಲಿ ಬಿಡಿ" ಎಂದು ಬಾಗಿಲು ಹಾಕಿಕೊಳ್ಳುತ್ತೇವೆ. ಆ ದೀಪಕ್ಕೂ ದುಡ್ಡು ಹೋಗುವುದು ನಮ್ಮ ತೆರಿಗೆಯಿಂದಲೇ ಅಲ್ಲವೇ?

ನಮ್ಮ ಕಡೆ ಇದು ಸಣ್ಣ ಮಾತಲ್ಲ. ಆದೋನಿ, ಆಲೂರು, ಹೊಳಗುಂದಿ, ಕೌತಾಳ, ಕೋಸಿಗಿ ಸುತ್ತಿನ ಹಳ್ಳಿಗಳಲ್ಲಿ ನಮ್ಮ ಅನೇಕ ಕುಟುಂಬಗಳು ಇರುವುದು ಊರ ಅಂಚಿನ ಕಾಲೊನಿಗಳಲ್ಲಿ. ಕರೆಂಟು ಕಂಬಗಳ ಸಾಲು ಊರ ನಡುವೆ ಶುರುವಾಗಿ ಅಲ್ಲಿಗೆ ಬಂದು ಮುಗಿಯುತ್ತದೆ. ಕೊನೆಯ ಕಂಬದ ದೀಪ ಕೆಟ್ಟರೆ ಅದನ್ನು ನೋಡುವವರೂ ಕೊನೆಗೇ ಬರುತ್ತಾರೆ. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ, ಸುಗ್ಗಿಗೆಂದು ಗುಂಟೂರಿನ ಕಡೆ ಮೆಣಸಿನಕಾಯಿ ಬಿಡಿಸಲು ಹೋಗುವವರನ್ನು ನೀವೆಲ್ಲ ಬಲ್ಲಿರಿ. ನಮ್ಮಲ್ಲಿ ಎಷ್ಟೋ ಮಂದಿ ಹಾಗೆ ಹೋಗಿ ಬಂದವರೇ. ತಿರುಗಿ ಬರುವುದು ಎಷ್ಟೋ ಸಲ ನಡುರಾತ್ರಿಯ ರೈಲಿಗೆ, ಇಲ್ಲವೇ ಲಾರಿಯಲ್ಲಿ. ತಲೆಯ ಮೇಲೆ ಗಂಟು, ಕಂಕುಳಲ್ಲಿ ಮಗು, ಕಾಲ ಕೆಳಗೆ ಏನಿದೆಯೋ ಕಾಣದು. ಹೊತ್ತು ಮುಳುಗಿದ ಮೇಲೆ ಬಯಲಿಗೆ ಹೋಗಬೇಕಾದ ತಾಯಂದಿರಿಗೆ, ಕೊನೆಯ ಬಸ್ಸಿಗೆ ಇಳಿದು ಬರುವ ಹೆಣ್ಣುಮಕ್ಕಳಿಗೆ, ಕ್ರಿಸ್ತಜಯಂತಿಯ ರಾತ್ರಿ ಬಲಿಪೂಜೆ ಮುಗಿಸಿ ಮನೆ ಸೇರುವ ಮುದುಕರಿಗೆ ಆ ಕೊನೆಯ ಕಂಬದ ದೀಪವೇ ಆಸರೆ.

ಅದಕ್ಕಾಗಿಯೇ ಈ ಸಲ ಬೀದಿ ದೀಪದ ಬಗ್ಗೆ ಬರೆಯೋಣ ಎನ್ನಿಸಿತು. ವಿದ್ಯುತ್ ಕೆಲಸ ಬಲ್ಲ ನಮ್ಮ ಯುವಕರು ಕೆಲವರು ಕೇಳುವ ಪ್ರಶ್ನೆಯೊಂದಿದೆ: "ಫಾದರ್, ಇಂಡಕ್ಷನ್ ದೀಪ ಒಂದು ಲಕ್ಷ ಗಂಟೆ ಬಾಳುತ್ತದಂತೆ. ಎಲ್‌ಇಡಿಗೆ ಐವತ್ತು ಸಾವಿರವೇ ಅಂತೆ. ಹಾಗಿದ್ದರೆ ಎಲ್ಲರೂ ಎಲ್‌ಇಡಿ ಹಿಂದೆ ಯಾಕೆ ಓಡುತ್ತಿದ್ದಾರೆ?" ಒಳ್ಳೆಯ ಪ್ರಶ್ನೆ. ಉತ್ತರ ಹೇಳಬೇಕಾದರೆ ಕೊಂಚ ಹಿಂದಕ್ಕೆ ಹೋಗಬೇಕು. ಹೋಗುವಾಗ ಒಂದೇ ವಿಷಯವನ್ನು ಗಮನಿಸುತ್ತಾ ಹೋಗೋಣ: ಪ್ರತಿಯೊಂದು ದೀಪದಲ್ಲೂ ಮೊದಲು ಸಾಯುವ ಭಾಗ ಯಾವುದು?

ಬೆಳಕಿನ ಮೂಲರೂಪ ಪಂಜು. ಹೊಳಗುಂದಿ ಮಂಡಲದ ದೇವರಗಟ್ಟಿನಲ್ಲಿ ದಸರೆಯ ರಾತ್ರಿ ಬನ್ನಿ ಉತ್ಸವಕ್ಕೆ ಇಂದಿಗೂ ಪಂಜುಗಳು ಉರಿಯುತ್ತವೆ. ಆಮೇಲೆ ಬಂದದ್ದು ಕಂಬದ ಮೇಲಿನ ಸೀಮೆಎಣ್ಣೆ ದೀಪ. ಸಂಜೆ ಏಣಿ ಹೊತ್ತು ಬಂದು ಎಣ್ಣೆ ಹಾಕಿ, ಗಾಜಿನ ಮಸಿ ಒರೆಸಿ, ಬತ್ತಿ ಹಚ್ಚುವವನೊಬ್ಬ ಇರುತ್ತಿದ್ದ. ಅವನು ಬಾರದ ದಿನ ಬೀದಿ ಕತ್ತಲೆ. ಬೆಂಗಳೂರಿನಲ್ಲಿ 1905ರ ಆಗಸ್ಟ್ 5ರಂದು ವಿದ್ಯುತ್ ಬೀದಿ ದೀಪ ಬೆಳಗಿತು. ಕೋಲಾರದ ಚಿನ್ನದ ಗಣಿಗಳಿಗಾಗಿ 1902ರಲ್ಲಿ ಶುರುವಾದ ಶಿವನಸಮುದ್ರದ ವಿದ್ಯುತ್ತು ಅದು. ಆಗ ನಮ್ಮ ಆದೋನಿ, ಆಲೂರು ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿದ್ದವು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಈ ಎರಡು ತಾಲ್ಲೂಕುಗಳು ಆಂಧ್ರಕ್ಕೆ ಬಂದವು, ಬಳ್ಳಾರಿ ಮೈಸೂರಿಗೆ ಹೋಯಿತು. ಗಡಿ ಗೆರೆ ಮನೆಮಾತನ್ನು ಬದಲಿಸಲಿಲ್ಲ. ಅದು ಬೇರೆ ಕಥೆ ಬಿಡಿ.

ಹಳೆಯ ಗುಂಡು ಬಲ್ಬಿನ ಆಯಸ್ಸು ಸುಮಾರು 1000 ಗಂಟೆ. ರಾತ್ರಿಗೆ 12 ಗಂಟೆ ಉರಿದರೆ ಮೂರು ತಿಂಗಳೂ ಬಾರದು. ಒಳಗಿನ ತಂತಿ ಕಾದು ಕಾದು ತೆಳುವಾಗಿ ಒಂದು ದಿನ ಕಡಿದುಹೋಗುತ್ತದೆ. ಕೊಟ್ಟ ಕರೆಂಟಿನಲ್ಲಿ ಬಹುಪಾಲು ಬಿಸಿಯಾಗಿ ಹೋಗಿ, ಒಂದು ವ್ಯಾಟಿಗೆ 10ರಿಂದ 15 ಲ್ಯೂಮೆನ್ ಬೆಳಕು ಸಿಗುತ್ತಿತ್ತು. (ಲ್ಯೂಮೆನ್ ಎಂದರೆ ಬೆಳಕಿನ ಅಳತೆ. ಹಾಲಿಗೆ ಲೀಟರ್ ಇದ್ದ ಹಾಗೆ.) ಅದರ ನಂತರ ಟ್ಯೂಬ್‌ಲೈಟು. ಅದರ ಎರಡು ತುದಿ ಕಪ್ಪಾಗುವುದನ್ನು ನೋಡದ ಮನೆ ಯಾವುದಿದೆ? ಆ ತುದಿಗಳಲ್ಲಿ ಚಿಕ್ಕ ಸುರುಳಿಗಳಿವೆ, ಎಲೆಕ್ಟ್ರೋಡ್ ಎನ್ನುತ್ತಾರೆ. ಅವುಗಳಿಗೆ ಸವರಿದ ಒಂದು ಲೇಪ ಪ್ರತಿ ಸಲ ಹಚ್ಚಿದಾಗಲೂ ಸ್ವಲ್ಪ ಸ್ವಲ್ಪ ಉದುರುತ್ತದೆ. ಲೇಪ ಮುಗಿದ ದಿನ ಟ್ಯೂಬಿನ ಕಥೆಯೂ ಮುಗಿಯಿತು. ನಡುವೆ ಸ್ಟಾರ್ಟರು, ಚೋಕಿನ ರಗಳೆ ಬೇರೆ. ಹಳ್ಳಿಗಳಲ್ಲಿ 40 ವ್ಯಾಟಿನ ಈ ಟ್ಯೂಬುಗಳೇ ಬಹುಕಾಲ ಬೀದಿ ಕಾದವು. ಚೋಕಿನ ಪಾಲೂ ಸೇರಿದರೆ ಒಂದೊಂದೂ ಎಳೆಯುತ್ತಿದ್ದದ್ದು 50 ವ್ಯಾಟಿನಷ್ಟು.

ಪಟ್ಟಣಗಳಲ್ಲಿ ಮರ್ಕ್ಯುರಿ ದೀಪ ಬಂತು. ನೀಲಿ ಬೆರೆತ ಬಿಳಿ ಬೆಳಕು, ಕೆಳಗೆ ನಿಂತವರ ಮುಖ ಜ್ವರ ಬಂದವರ ಹಾಗೆ ಕಾಣುತ್ತಿತ್ತು. ಈ ದೀಪದ ಗುಣ ವಿಚಿತ್ರ. ಇದು ಬೇಗ ಸಾಯುವುದಿಲ್ಲ, ವರ್ಷಗಟ್ಟಲೆ ಮಂಕಾಗುತ್ತಾ ಹೋಗುತ್ತದೆ. ಕರೆಂಟು ಮಾತ್ರ ಮೊದಲಿನಷ್ಟೇ ತಿನ್ನುತ್ತದೆ. "ಉರಿಯುತ್ತಿದೆಯಲ್ಲ" ಎಂದು ಯಾರೂ ಬದಲಿಸುವುದಿಲ್ಲ. ಬೆಳಕಿಲ್ಲ, ಬಿಲ್ಲು ಮಾತ್ರ ಇದೆ.

ಸೋಡಿಯಂ ದೀಪವನ್ನು ನೀವು ಮರೆತಿರಲಾರಿರಿ. ದೊಡ್ಡ ರಸ್ತೆಗಳಲ್ಲಿ ಅರಿಶಿನ ಚೆಲ್ಲಿದಂತೆ ಕಾಣುತ್ತಿದ್ದ ದೀಪ. ಅಧಿಕ ಒತ್ತಡದ ಸೋಡಿಯಂ ದೀಪ 1960ರ ದಶಕದಲ್ಲಿ ಮಾರುಕಟ್ಟೆಗೆ ಬಂತು. ಬೆಳಕಿನ ಲೆಕ್ಕದಲ್ಲಿ ಅದು ಬಲು ಗಟ್ಟಿಗ: ಒಂದು ವ್ಯಾಟಿಗೆ ಸುಮಾರು 100 ಲ್ಯೂಮೆನ್, ಆಯಸ್ಸು 24,000 ಗಂಟೆ, ಅಂದರೆ ಐದು ವರ್ಷಕ್ಕೂ ಮೇಲೆ. ಆದರೆ ಅದರ ಕೆಳಗೆ ಬಣ್ಣ ತಿಳಿಯದು. ಕೆಂಪು ಮೆಣಸಿನಕಾಯಿ ಕಂದಾಗಿ ಕಾಣುತ್ತದೆ, ನೀಲಿ ಸೀರೆ ಕಪ್ಪಾಗುತ್ತದೆ. ಇನ್ನೊಂದು ತೊಂದರೆ ನಮ್ಮಂಥ ಊರುಗಳದ್ದು. ಕರೆಂಟು ಒಂದು ಕ್ಷಣ ಹೋಗಿ ಬಂದರೂ ಸೋಡಿಯಂ ದೀಪ ಕೂಡಲೇ ಹತ್ತದು. ತಣ್ಣಗಾಗಬೇಕು, ಮತ್ತೆ ಹತ್ತಬೇಕು, ನಿಧಾನವಾಗಿ ಪೂರ್ತಿ ಬೆಳಕಿಗೆ ಬರಬೇಕು. ಅಷ್ಟರಲ್ಲಿ ಕೆಲವು ನಿಮಿಷ ರಸ್ತೆ ಕತ್ತಲೆ. ವಯಸ್ಸಾದ ಸೋಡಿಯಂ ದೀಪ ಹತ್ತುವುದು, ಆರುವುದು, ಮತ್ತೆ ಹತ್ತುವುದು ಹೀಗೇ ರಾತ್ರಿಯೆಲ್ಲ ಆಟವಾಡುತ್ತದೆ. ಮುದಿಯಾದಷ್ಟೂ ಅದಕ್ಕೆ ಬೇಕಾದ ವೋಲ್ಟೇಜು ಏರುತ್ತಾ ಹೋಗುತ್ತದೆ. ಚೋಕು ಅಷ್ಟು ಕೊಡಲಾರದೆ ಹೋದಾಗ ದೀಪ ಆರುತ್ತದೆ, ತಣ್ಣಗಾದ ಮೇಲೆ ಮತ್ತೆ ಹತ್ತುತ್ತದೆ. ಕೆಲವರು ಅದನ್ನು ದೆವ್ವದ ಕಾಟ ಎಂದದ್ದೂ ಉಂಟು!

ಈಗ ಇಂಡಕ್ಷನ್ ದೀಪಕ್ಕೆ ಬರೋಣ. ಟ್ಯೂಬ್‌ಲೈಟು ಸಾಯುವುದು ಎಲೆಕ್ಟ್ರೋಡಿನಿಂದ ಎಂದೆವಲ್ಲ? ಎಲೆಕ್ಟ್ರೋಡನ್ನೇ ತೆಗೆದುಬಿಟ್ಟರೆ? ಇಂಡಕ್ಷನ್ ದೀಪದ ಹಿಂದಿನ ಯೋಚನೆ ಇಷ್ಟೇ. ಅಡುಗೆಮನೆಯ ಇಂಡಕ್ಷನ್ ಒಲೆಯನ್ನು ನೆನಪಿಸಿಕೊಳ್ಳಿ. ಬೆಂಕಿಯಿಲ್ಲ, ಒಲೆಯ ತಟ್ಟೆಯಲ್ಲಿ ಕಾಯಿಸುವ ತಂತಿಯಿಲ್ಲ. ಒಳಗಿನ ಸುರುಳಿಯಲ್ಲಿ ಕರೆಂಟು ಬಹು ವೇಗವಾಗಿ ಹಿಂದೆ ಮುಂದೆ ಹರಿಯುತ್ತದೆ. ಅದರ ಕಾಂತದ ಬಲದಿಂದ ಪಾತ್ರೆಯ ತಳದಲ್ಲೇ ಕರೆಂಟು ಹುಟ್ಟಿ ಪಾತ್ರೆ ಕಾಯುತ್ತದೆ. ದೀಪದಲ್ಲಿ ಪಾತ್ರೆಯ ಬದಲು ಗಾಜಿನೊಳಗಿನ ಅನಿಲ. ಸುರುಳಿ ಹೊರಗೆ, ಅನಿಲ ಒಳಗೆ, ನಡುವೆ ಗಾಜು. ಯಾವ ತಂತಿಯೂ ಗಾಜನ್ನು ತೂರಿ ಒಳಗೆ ಹೋಗುವುದಿಲ್ಲ. ಅನಿಲದಲ್ಲಿ ಕರೆಂಟು ಹರಿದಾಗ ಅಲ್ಲಿರುವ ಪಾದರಸದ ಆವಿ ಕಣ್ಣಿಗೆ ಕಾಣದ ನೇರಳಾತೀತ ಕಿರಣ ಕೊಡುತ್ತದೆ, ಗಾಜಿನ ಒಳಮೈಯ ಬಿಳಿ ಪುಡಿ ಅದನ್ನು ಬೆಳಕಾಗಿ ಬದಲಿಸುತ್ತದೆ. ಈ ಕೊನೆಯ ಕೆಲಸ ಟ್ಯೂಬ್‌ಲೈಟಿನದೇ.

ಈ ಪ್ರೇರಣೆಯ ಗುಟ್ಟನ್ನು 1831ರಲ್ಲಿ ಕಂಡುಹಿಡಿದವರು ಇಂಗ್ಲೆಂಡಿನ ಮೈಕೆಲ್ ಫ್ಯಾರಡೆ. ಬಡ ಕಮ್ಮಾರನ ಮಗ, ದೈವಭಕ್ತ. 1860ರ ಕ್ರಿಸ್ತಜಯಂತಿ ರಜೆಯಲ್ಲಿ ಲಂಡನ್ನಿನ ಮಕ್ಕಳಿಗೆ ಒಂದು ಮೇಣದ ಬತ್ತಿಯನ್ನು ಇಟ್ಟುಕೊಂಡು ಸರಣಿ ಉಪನ್ಯಾಸ ಕೊಟ್ಟವರು ಇವರೇ. ಎಲೆಕ್ಟ್ರೋಡಿಲ್ಲದ ದೀಪವನ್ನು ನಿಕೊಲಾ ಟೆಸ್ಲಾ 1890ರ ದಶಕದ ಆರಂಭದಲ್ಲೇ ಸಭೆಗಳಲ್ಲಿ ಉರಿಸಿ ತೋರಿಸಿದ್ದರು. ಆದರೆ ಅದು ಅಂಗಡಿಗೆ ಬರಲು ನೂರು ವರ್ಷ ಬೇಕಾಯಿತು. 1991ರಲ್ಲಿ ಫಿಲಿಪ್ಸ್ ಕಂಪನಿ ಕ್ಯೂಎಲ್ ಎಂಬ ಹೆಸರಿನಲ್ಲಿ ಮಾರಾಟಕ್ಕೆ ತಂದಿತು. ಗುಂಡು ಬಲ್ಬಿನ ಆಕಾರ, ನಡುವೆ ಒಂದು ಗುಳಿ, ಅದರೊಳಗೆ ಸುರುಳಿ. ಮತ್ತೊಂದು ಬಗೆಯಲ್ಲಿ ಗಾಜಿನ ನಳಿಗೆಯೇ ದೊಡ್ಡ ಬಳೆಯಂತೆ ಮುಚ್ಚಿಕೊಂಡಿರುತ್ತದೆ, ಅದರ ಎರಡು ಕಡೆ ಉಂಗುರದಂಥ ಸುರುಳಿಗಳು. ಮನೆಯ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಓಡಾಡಿದರೆ, ಕ್ಯೂಎಲ್ ದೀಪದಲ್ಲಿ ಅದು 26 ಲಕ್ಷ 50 ಸಾವಿರ ಸಲ! ಅಷ್ಟು ವೇಗ ಕೊಡಲು ಒಂದು ಎಲೆಕ್ಟ್ರಾನಿಕ್ ಪೆಟ್ಟಿಗೆ ಬೇಕು. ಈ ಪೆಟ್ಟಿಗೆಯನ್ನು ನೆನಪಿಟ್ಟುಕೊಳ್ಳಿ.

ಈ ದೀಪದ ಒಳ್ಳೆಯ ಗುಣಗಳು ಒಂದೆರಡಲ್ಲ. ಬಿಳಿ ಬೆಳಕು, ಬಣ್ಣಗಳು ಸರಿಯಾಗಿ ಕಾಣುತ್ತವೆ. ಸ್ವಿಚ್ಚು ಒತ್ತಿದ ಕೂಡಲೇ ಹತ್ತುತ್ತದೆ, ಕರೆಂಟು ಹೋಗಿ ಬಂದರೂ ಕಾಯಿಸುವುದಿಲ್ಲ. ಬೆಳಕು ದೊಡ್ಡ ಗಾಜಿನಿಂದ ಹೊರಡುವುದರಿಂದ ಕಣ್ಣಿಗೆ ಚುಚ್ಚುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಆಯಸ್ಸು: 60 ಸಾವಿರದಿಂದ ಒಂದು ಲಕ್ಷ ಗಂಟೆ ಎಂದು ಕಂಪನಿಗಳು ಹೇಳಿದವು. ಲಕ್ಷ ಗಂಟೆ ಎಂದರೆ ರಾತ್ರಿಗೆ 12 ಗಂಟೆಯಂತೆ 22 ವರ್ಷಕ್ಕೂ ಹೆಚ್ಚು. ಜ್ಞಾನಸ್ನಾನದ ದಿನ ಹಾಕಿದ ದೀಪ ಆ ಮಗುವಿನ ಮದುವೆಗೂ ಉರಿಯಬೇಕು!

ಹಾಗಾದರೆ ಎಡವಿದ್ದು ಎಲ್ಲಿ? ಗಾಜು ಲಕ್ಷ ಗಂಟೆ ಬಾಳುವುದು ನಿಜವೇ ಇರಬಹುದು. ಪೆಟ್ಟಿಗೆ ಬಾಳಬೇಕಲ್ಲ! ಅದರೊಳಗಿನ ಕೆಪಾಸಿಟರುಗಳು ಶಾಖಕ್ಕೆ ಒಣಗುತ್ತವೆ. ಬಿಸಿ 10 ಡಿಗ್ರಿ ಏರಿದರೆ ಅವುಗಳ ಆಯಸ್ಸು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ ಎಂಬುದು ಎಲೆಕ್ಟ್ರಾನಿಕ್ಸ್ ಬಲ್ಲವರ ಕಟ್ಟಳೆ. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ. ಹಗಲೆಲ್ಲ ಬಿಸಿಲಿಗೆ ಕಾದ ಕಬ್ಬಿಣದ ಡಬ್ಬಿಯೊಳಗೆ ಆ ಪೆಟ್ಟಿಗೆ ಕೂತಿರುತ್ತದೆ. ಸಿಡಿಲು ಹೊಡೆದಾಗ, ವೋಲ್ಟೇಜು ಹಾರಿದಾಗ ಮೊದಲ ಪೆಟ್ಟು ತಿನ್ನುವುದೂ ಅದೇ. ಕೆಟ್ಟರೆ ಬೇರೆ ಕಂಪನಿಯ ಪೆಟ್ಟಿಗೆ ಹೊಂದುವುದಿಲ್ಲ, ದೀಪ ಮತ್ತು ಪೆಟ್ಟಿಗೆ ಜೋಡಿಯಾಗಿಯೇ ಬರುತ್ತವೆ. ಟ್ಯೂಬ್‌ಲೈಟಿನ ಚೋಕು ಕೆಟ್ಟರೆ ಊರ ಅಂಗಡಿಯಲ್ಲೇ ಇನ್ನೊಂದು ಸಿಗುತ್ತಿತ್ತು. ಇಂಡಕ್ಷನ್ ದೀಪದ ಪೆಟ್ಟಿಗೆಯನ್ನು ಯಾವ ಊರಿಗೆ ಹೋಗಿ ತರುವುದು? ಕಂಪನಿ ಆ ಮಾಲನ್ನು ನಿಲ್ಲಿಸಿದ ದಿನ, ಇನ್ನೂ ಜೀವವಿರುವ ಗಾಜೂ ಗುಜರಿಗೆ.

ಬೆಳಕಿನ ಲೆಕ್ಕದಲ್ಲೂ ಅದು ಸೋಡಿಯಂ ದೀಪವನ್ನು ಸೋಲಿಸಲಿಲ್ಲ. ಒಂದು ವ್ಯಾಟಿಗೆ 70-80 ಲ್ಯೂಮೆನ್ ಆಸುಪಾಸು. ಬೆಲೆಯೋ ಹಲವು ಪಟ್ಟು ಹೆಚ್ಚು. ಮಾರುವವರು ಒಂದು ವಾದ ಹೂಡಿದರು: ಮಸುಕಿನಲ್ಲಿ ನಮ್ಮ ಕಣ್ಣಿಗೆ ಹಳದಿಗಿಂತ ಬಿಳಿ ಬೆಳಕೇ ಚೆನ್ನಾಗಿ ಹಿಡಿಯುತ್ತದೆ, ಆದ್ದರಿಂದ ನಮ್ಮ 70ನ್ನು ನೂರಕ್ಕೂ ಮೇಲೆ ಎಂದು ಲೆಕ್ಕ ಹಾಕಿ ಎಂದರು. ಇದರಲ್ಲಿ ಅರ್ಧ ನಿಜವಿದೆ. ಕತ್ತಲಿನಲ್ಲಿ ಕಣ್ಣು ನೀಲಿ ಹಸಿರು ಬೆಳಕಿಗೆ ಹೆಚ್ಚು ಚುರುಕಾಗುವುದು ಹೌದು. ಆದರೆ ದೀಪವಿರುವ ಬೀದಿ ಅಷ್ಟೊಂದು ಕತ್ತಲೆಯಲ್ಲ. ಅರ್ಧ ನಿಜವನ್ನು ಪೂರಾ ನಿಜದ ಬೆಲೆಗೆ ಮಾರಿದರು ಎಂದೇ ನಮಗನ್ನಿಸುತ್ತದೆ.

ಅಮೆರಿಕದಲ್ಲಿ ಸ್ಯಾನ್ ಡಿಯಾಗೊ ಎಂಬ ನಗರವಿದೆ. ಸಂತ ದಿದಾಕಸರ ಹೆಸರು ಹೊತ್ತ ಊರು. 2010ರ ನಂತರ ಅಲ್ಲಿನ ನಗರಸಭೆ ಸಾವಿರಾರು ಸೋಡಿಯಂ ದೀಪಗಳನ್ನು ಇಳಿಸಿ ಇಂಡಕ್ಷನ್ ದೀಪ ಏರಿಸಿತು. ಇನ್ನು ಎರಡು ದಶಕ ನಿಶ್ಚಿಂತೆ ಎಂದೇ ಆಗ ಯಾರಾದರೂ ಅಂದುಕೊಳ್ಳಬಹುದಿತ್ತು. ಹತ್ತು ವರ್ಷ ತುಂಬುವ ಮೊದಲೇ ಅದೇ ನಗರ ಸಾವಿರಾರು ಕಂಬಗಳಿಗೆ ಎಲ್‌ಇಡಿ ಹಾಕಿಸತೊಡಗಿತು. ಇಂಡಕ್ಷನ್ ದೀಪ ತಪ್ಪಾದ ಹೊತ್ತಿನಲ್ಲಿ ಹುಟ್ಟಿದ ಒಳ್ಳೆಯ ದೀಪ. ಅದು ಅಂಗಡಿಗೆ ಬಂದ ಕೆಲವೇ ವರ್ಷಗಳಲ್ಲಿ ಜಪಾನಿನಲ್ಲಿ ನೀಲಿ ಎಲ್‌ಇಡಿ ಸಿದ್ಧವಾಯಿತು. ನೀಲಿಗೆ ಹಳದಿ ಪುಡಿ ಬೆರೆಸಿ ಬಿಳಿ ಬೆಳಕು ಮಾಡಿದರು. ಆ ಸಂಶೋಧನೆಗೆ ಅಕಸಾಕಿ, ಅಮಾನೊ, ನಕಮುರ ಈ ಮೂವರಿಗೆ 2014ರ ನೊಬೆಲ್ ಬಹುಮಾನ ಬಂತು. ಈಗ ಒಳ್ಳೆಯ ಎಲ್‌ಇಡಿ ಬೀದಿ ದೀಪ ಒಂದು ವ್ಯಾಟಿಗೆ 120 ಲ್ಯೂಮೆನ್ ಕೊಡುತ್ತದೆ. ಬೆಳಕನ್ನೆಲ್ಲ ಕೆಳಗೆ ರಸ್ತೆಗೇ ಚೆಲ್ಲುತ್ತದೆ. ಟ್ಯೂಬ್‌ಲೈಟಿನ ಹಾಗೆ ಆಕಾಶಕ್ಕೆ ಅರ್ಧ ದಾನ ಮಾಡುವುದಿಲ್ಲ.

ನಮ್ಮ ರಾಜ್ಯದಲ್ಲಿ ಇದರ ಪ್ರವೇಶವಾದದ್ದು ಒಂದು ಆಪತ್ತಿನ ಬೆನ್ನಿಗೆ. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣವನ್ನು ಅಪ್ಪಳಿಸಿತು. ಅದರ ನಂತರ ಆ ನಗರದ ಸುಮಾರು 90 ಸಾವಿರ ಬೀದಿ ದೀಪಗಳು ಎಲ್‌ಇಡಿಗೆ ಬದಲಾದವು. 2015ರ ಜನವರಿ 5ರಂದು ಕೇಂದ್ರ ಸರ್ಕಾರ ರಾಷ್ಟ್ರೀಯ ಬೀದಿ ದೀಪ ಯೋಜನೆಯನ್ನು ಶುರು ಮಾಡಿತು. ನಡೆಸುವ ಹೊಣೆ ಇಇಎಸ್ಎಲ್ ಎಂಬ ಸರ್ಕಾರಿ ವಲಯದ ಸಂಸ್ಥೆಯದು. 2017ರಲ್ಲಿ ಆಂಧ್ರದ 7 ಜಿಲ್ಲೆಗಳ ಗ್ರಾಮ ಪಂಚಾಯಿತಿಗಳಲ್ಲಿ 10 ಲಕ್ಷ ಹಳೆಯ ದೀಪಗಳನ್ನು ಬದಲಿಸುವ ಯೋಜನೆ ಪ್ರಕಟವಾಯಿತು. ಫ್ರಾನ್ಸಿನ ಅಭಿವೃದ್ಧಿ ಸಂಸ್ಥೆ ಹಣದ ನೆರವು ಕೊಟ್ಟ ಆ ಯೋಜನೆಯಲ್ಲಿ ನಮ್ಮ ಕರ್ನೂಲು ಜಿಲ್ಲೆಯೂ ಇತ್ತು. ಟ್ಯೂಬ್‌ಲೈಟಿನ ಪಟ್ಟಿ ಇಳಿದು ಚಿಕ್ಕ ಬಿಳಿ ದೀಪ ಏರಿದ್ದು ಆ ಕಾಲದಲ್ಲೇ.

ಲೆಕ್ಕ ಮಾಡಿ ನೋಡಿ. ಚೋಕು ಸೇರಿ 50 ವ್ಯಾಟಿನ ಟ್ಯೂಬು 12 ಗಂಟೆ ಉರಿದರೆ ಮುಕ್ಕಾಲು ಯೂನಿಟಿಗೆ ಸ್ವಲ್ಪ ಕಡಿಮೆ, ಸರಿಯಾಗಿ ಹೇಳಬೇಕೆಂದರೆ 0.6 ಯೂನಿಟ್. 20 ವ್ಯಾಟಿನ ಎಲ್‌ಇಡಿಗೆ 0.24. ಊರಲ್ಲಿ 100 ಕಂಬಗಳಿದ್ದರೆ ರಾತ್ರಿಗೆ 36 ಯೂನಿಟ್, ವರ್ಷಕ್ಕೆ 13 ಸಾವಿರ ಯೂನಿಟಿನಷ್ಟು ಉಳಿತಾಯ. ಪಂಚಾಯಿತಿಗೆ ಇದು ಸಣ್ಣ ದುಡ್ಡಲ್ಲ. ಹಗಲಲ್ಲೂ ದೀಪ ಉರಿಯಲು ಬಿಟ್ಟರೆ ಈ ಉಳಿತಾಯದಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು, 24 ಯೂನಿಟ್, ಸೂರ್ಯನ ಎದುರಿಗೇ ಸುಟ್ಟುಹೋಗುತ್ತದೆ ಅಂದುಕೊಂಡರೆ ತಪ್ಪು. ಮೂರರಲ್ಲಿ ಎರಡು ಪಾಲು. ಅದೇನು ಕಡಿಮೆಯೇ!

ಇಷ್ಟಾದರೂ ಎಲ್‌ಇಡಿಯಲ್ಲೂ ಅದೇ ಪೆಟ್ಟಿಗೆ ಇದೆ. ಅದಕ್ಕೆ ಡ್ರೈವರ್ ಎನ್ನುತ್ತಾರೆ. ಡಬ್ಬಿಯ ಮೇಲೆ ಬರೆದ 50 ಸಾವಿರ ಗಂಟೆ ಎಂಬುದು ಬೆಳಕು ಕೊಡುವ ಚಿಕ್ಕ ಚಿಪ್ಪುಗಳ ಆಯಸ್ಸು. ಅದೂ ಬೆಳಕು ಮೊದಲಿನ ನೂರಕ್ಕೆ 70ಕ್ಕೆ ಇಳಿಯುವ ತನಕ ಎಂಬ ಅರ್ಥದಲ್ಲಿ. ಡ್ರೈವರಿನ ಆಯಸ್ಸನ್ನು ಯಾರೂ ದೊಡ್ಡಕ್ಷರದಲ್ಲಿ ಬರೆಯುವುದಿಲ್ಲ. ನಮ್ಮ ಬೀದಿಗಳಲ್ಲಿ ಮಿಣಮಿಣ ಎನ್ನುವ, ಸಂಜೆ ಹತ್ತಿ ಎಂಟಕ್ಕೆ ಆರುವ ಎಲ್‌ಇಡಿಗಳಲ್ಲಿ ಹೆಚ್ಚಿನವುಗಳ ಚಿಪ್ಪು ಸತ್ತಿಲ್ಲ, ಡ್ರೈವರು ಸತ್ತಿದೆ. ಇಂಡಕ್ಷನ್ ದೀಪವನ್ನು ಕೆಡವಿದ ರೋಗವೇ ಇದಕ್ಕೂ ಉಂಟು. ವ್ಯತ್ಯಾಸ ಇಷ್ಟೇ: ಎಲ್‌ಇಡಿ ಅಗ್ಗ, ಎಲ್ಲೆಡೆ ಸಿಗುತ್ತದೆ. ಆದ್ದರಿಂದ ರಿಪೇರಿ ಮಾಡುವ ಬದಲು ಇಡೀ ದೀಪವನ್ನೇ ಎಸೆಯುತ್ತಾರೆ, ಹೊಸದು ಬರುವವರೆಗೆ ಕಂಬ ಬೋಳಾಗಿ ನಿಲ್ಲುತ್ತದೆ.

ಆದ್ದರಿಂದ ಕಾಲೊನಿಗೆ ಹೊಸ ದೀಪ ಬರುವ ಸುದ್ದಿ ಕೇಳಿದಾಗ ಕೇಳಬೇಕಾದದ್ದು, "ಎಷ್ಟು ಸಾವಿರ ಗಂಟೆ?" ಎಂದಲ್ಲ. ಡ್ರೈವರಿಗೆ ಗ್ಯಾರಂಟಿ ಎಷ್ಟು ವರ್ಷ, ಅದನ್ನು ಬಿಚ್ಚಿ ಬೇರೆ ಹಾಕಬಹುದೇ, ಸಿಡಿಲಿನ ಪೆಟ್ಟು ತಡೆಯುವ ಸರ್ಜ್ ರಕ್ಷಣೆ ಇದೆಯೇ ಎಂದು ಕೇಳಿ. ಡಬ್ಬಿಯ ಮೇಲೆ ಐಪಿ 65 ಅಥವಾ 66 ಎಂದಿದೆಯೇ ನೋಡಿ. ಮೊದಲ 6 ಎಂದರೆ ಧೂಳು ಒಳಗೆ ಹೋಗದು, ಎರಡನೆಯ ಅಂಕಿ ನೀರಿನದು. ಎರೆಮಣ್ಣಿನ ಧೂಳು, ಹತ್ತಿ ಮಿಲ್ಲುಗಳಿಂದ ಹಾರುವ ನಾರು ತುಂಬಿದ ನಮ್ಮ ಸೀಮೆಯಲ್ಲಿ ಇದು ಬಹಳ ಮುಖ್ಯ. ರಾಷ್ಟ್ರೀಯ ಯೋಜನೆಯಲ್ಲಿ ನಗರಸಭೆಗಳ ಜೊತೆಗಿನ ನಿರ್ವಹಣೆಯ ಒಪ್ಪಂದ ಸಾಮಾನ್ಯವಾಗಿ 7 ವರ್ಷದ್ದು. ಅವಧಿ ಮುಗಿದ ಮೇಲೆ ಏಣಿ ಹತ್ತುವವರು ಯಾರು ಎಂಬುದನ್ನು ಗ್ರಾಮಸಭೆಯಲ್ಲಿ ಬಾಯಿಬಿಟ್ಟು ಕೇಳಬೇಕು. 1994ರ ಆಂಧ್ರ ಪ್ರದೇಶ ಪಂಚಾಯತ್ ರಾಜ್ ಕಾಯ್ದೆಯಂತೆ ಊರ ರಸ್ತೆಗಳಿಗೆ ದೀಪ ಹಾಕುವುದು ಗ್ರಾಮ ಪಂಚಾಯಿತಿಯ ಕರ್ತವ್ಯ. ಕೇಳಿದರೆ ಅದು ಬೇಡಿಕೆಯೂ ಅಲ್ಲ, ಭಿಕ್ಷೆಯೂ ಅಲ್ಲ.

ಬೆಳಕಿನ ಬಣ್ಣದ ಬಗ್ಗೆ ಒಂದು ಮಾತು. ಡಬ್ಬಿಯ ಮೇಲೆ 3000, 4000, 6500 ಎಂದು ಅಂಕಿ ಇರುತ್ತದೆ, ಪಕ್ಕದಲ್ಲಿ ಕೆಲ್ವಿನ್ ಎಂದು. ಅಂಕಿ ಏರಿದಷ್ಟೂ ಬೆಳಕು ನೀಲಿ. ಬೆಳ್ಳಗಿದ್ದರೆ ಹೆಚ್ಚು ಬೆಳಕು ಎಂದು ಜನ 6500ನ್ನೇ ಇಷ್ಟಪಡುತ್ತಾರೆ. ಆದರೆ ಕಣ್ಣಿಗೆ ಪೊರೆ ಬಂದ ಹಿರಿಯರನ್ನು ಕೇಳಿ, ಆ ಬೆಳಕು ಎದುರಿಗೆ ಚುಚ್ಚಿದಾಗ ಕಾಲ ಕೆಳಗಿನ ಚರಂಡಿಯೇ ಕಾಣುವುದಿಲ್ಲ ಎನ್ನುತ್ತಾರೆ. ಅಮೆರಿಕದ ವೈದ್ಯರ ಸಂಘ 2016ರಲ್ಲಿ ಬೀದಿಗೆ 3000ವೋ ಅದಕ್ಕಿಂತ ಕಡಿಮೆಯದೋ ಸಾಕು ಎಂದು ಸಲಹೆ ಕೊಟ್ಟಿತು. ನೀಲಿ ಬೆಳಕಿಗೆ ಹುಳುಗಳೂ ಹೆಚ್ಚು ಮುತ್ತುತ್ತವೆ. ಹುಳುವಿಗೆ ಕಪ್ಪೆ, ಕಪ್ಪೆಗೆ ಹಾವು. ಮಳೆಗಾಲದಲ್ಲಿ ಕಂಬದ ಬುಡದಲ್ಲಿ ಕೂತು ಹರಟುವವರು ಇದನ್ನು ನೆನಪಿಡಿ. ನಮ್ಮ ಗುಡಿ, ದೇವಾಲಯಗಳ ಅಂಗಳಕ್ಕೆ, ಮಾತೆ ಮರಿಯಮ್ಮನವರ ಗವಿಗೆ ದೀಪ ತರುವವರಿಗೂ ಇದೇ ಮಾತು.

ಹಳೆಯ ಟ್ಯೂಬುಗಳ ಕಡೆಗೂ ಗಮನವಿರಲಿ. ಟ್ಯೂಬ್‌ಲೈಟು, ಸಿಎಫ್‌ಎಲ್, ಮರ್ಕ್ಯುರಿ, ಇಂಡಕ್ಷನ್, ಇವೆಲ್ಲದರಲ್ಲೂ ಪಾದರಸವಿದೆ. ಅದು ನರಗಳಿಗೆ ವಿಷ. ಪಾದರಸ ತಡೆಯುವ ಮಿನಮಾಟ ಒಪ್ಪಂದ 2017ರಲ್ಲಿ ಜಾರಿಗೆ ಬಂತು, ಭಾರತ 2018ರಲ್ಲಿ ಸೇರಿತು. ಸಾಮಾನ್ಯ ಬಳಕೆಯ ಟ್ಯೂಬ್‌ಲೈಟುಗಳ ತಯಾರಿಕೆಯನ್ನು 2027ರ ಹೊತ್ತಿಗೆ ನಿಲ್ಲಿಸಬೇಕೆಂದು 2023ರಲ್ಲಿ ಆ ಒಪ್ಪಂದದ ದೇಶಗಳು ತೀರ್ಮಾನಿಸಿದವು. ನಮ್ಮಲ್ಲಿ ಮಾತ್ರ ಇಳಿಸಿದ ಟ್ಯೂಬುಗಳು ತಿಪ್ಪೆಗೆ ಬೀಳುತ್ತವೆ, ಮಕ್ಕಳು ಕತ್ತಿ ಮಾಡಿಕೊಂಡು ಆಡಿ ಒಡೆಯುತ್ತಾರೆ. ಮನೆಯಲ್ಲಿ ಒಡೆದರೆ ಕಿಟಕಿ ಬಾಗಿಲು ತೆರೆದು ಮಕ್ಕಳನ್ನು ಹೊರಗೆ ಕಳಿಸಿ. ಪೊರಕೆಯಿಂದ ಗುಡಿಸಬೇಡಿ, ದಪ್ಪ ರಟ್ಟಿನಿಂದ ಬಳಿದು ಡಬ್ಬಿಗೆ ಹಾಕಿ ಮುಚ್ಚಿ.

ಇನ್ನೊಂದು ವಿಷಯವನ್ನು ಗಟ್ಟಿಯಾಗಿ ಹೇಳಬೇಕು. ದೀಪ ಹತ್ತಲಿಲ್ಲವೆಂದು ಕಂಬ ಏರುವ ಧೈರ್ಯವಂತರು ಪ್ರತಿ ಊರಲ್ಲೂ ಇದ್ದಾರೆ. ಸಂಜೆ ಕೋಲಿನಿಂದ ತಂತಿಗೆ ಕೊಕ್ಕೆ ಸಿಕ್ಕಿಸಿ ಬೀದಿಗೆಲ್ಲ ಬೆಳಕು ಕೊಡುವವರೂ ಇದ್ದಾರೆ. ದಯವಿಟ್ಟು ಬೇಡ. ಮಳೆಗಾಲದಲ್ಲಿ ಒದ್ದೆ ಕಂಬ ಮುಟ್ಟಿದವರು ಮನೆಗೆ ಮರಳದ ಸುದ್ದಿಗಳನ್ನು ನಾವು ಕೇಳುತ್ತಲೇ ಇದ್ದೇವೆ. 2019ರಲ್ಲಿ ಶುರುವಾದ ಗ್ರಾಮ ಸಚಿವಾಲಯ ವ್ಯವಸ್ಥೆಯಲ್ಲಿ ಎನರ್ಜಿ ಅಸಿಸ್ಟೆಂಟ್ ಎಂಬ ಹುದ್ದೆಯನ್ನೇ ತಂದರು. ಕಂಬದ ಮೇಲಿನ ಕೆಲಸ ಅಂಥ ತರಬೇತಿ ಪಡೆದವರದು, ನಮ್ಮ ಹುಡುಗರದಲ್ಲ.

ಪ್ರತಿ ಕಾಲೊನಿಯ ಯುವಜನ ಸಂಘದವರು ಒಂದು ನೋಟ್‌ಬುಕ್ ಇಡಬಹುದು. ಕಂಬಗಳಿಗೆ ಒಂದು, ಎರಡು, ಮೂರು ಎಂದು ನಂಬರು ಕೊಟ್ಟು, ದೀಪ ಹಾಕಿದ ತಾರೀಖು, ಕೆಟ್ಟ ತಾರೀಖು, ದೂರು ಕೊಟ್ಟ ತಾರೀಖು, ಸರಿಯಾದ ತಾರೀಖು ಬರೆದಿಡಿ. ದೂರನ್ನು ಬಾಯಿಮಾತಿನಲ್ಲಿ ಹೇಳದೆ ಕಾಗದದಲ್ಲಿ ಕೊಟ್ಟು, ಪ್ರತಿಯ ಮೇಲೆ ಸಹಿ ಪಡೆಯಿರಿ. ತೆಲುಗಿನಲ್ಲಿ ಬರೆಯಲು ಬರುವ ಮಕ್ಕಳು ಈಗ ಪ್ರತಿ ಮನೆಯಲ್ಲೂ ಇದ್ದಾರೆ. ಒಂದು ವರ್ಷದ ಪುಟಗಳನ್ನು ತೆರೆದರೆ ಊರ ನಡುವಿನ ಕಂಬ ಎಷ್ಟು ರಾತ್ರಿ ಆರಿತ್ತು, ಕೊನೆಯ ಕಂಬ ಎಷ್ಟು ರಾತ್ರಿ ಆರಿತ್ತು ಎಂಬುದು ಯಾರಿಗಾದರೂ ಕಾಣುತ್ತದೆ.

ಸೋಲಾರ್ ಬೀದಿ ದೀಪಗಳ ಬಗ್ಗೆಯೂ ಕೆಲವರು ಕೇಳಿದ್ದಾರೆ. ಅಲ್ಲಿ ಮೊದಲು ಸಾಯುವುದು ಬ್ಯಾಟರಿ, ಕೆಲವೆಡೆ ಸಾಯುವ ಮೊದಲೇ ಕಳುವಾಗುತ್ತದೆ. ಅದಕ್ಕೆ ಈ ಪುಟದಲ್ಲಿ ಜಾಗ ಉಳಿದಿಲ್ಲ, ಮುಂದಿನ ತಿಂಗಳು ನೋಡೋಣ.